ಮುಂಬಯಿಯ 860, ಉಡುಪಿಯ 1094: ಲಿಂಗಾನುಪಾತ ಮತ್ತು ವಲಸೆ

ದೇಶದ ಅಭಿವೃದ್ಧಿಯನ್ನು ಅಳೆಯುವಾಗ ಆದಾಯ, ಶಿಕ್ಷಣ, ಆಯುರ್ಮಾನಗಳನ್ನು ಮುಂದಿಡುವುದು ವಾಡಿಕೆ. ಮೆಹಬೂಬ್ ಉಲ್ ಹಕ್ ರೂಪಿಸಿದ 1990ರ ಮಾನವ ಅಭಿವೃದ್ಧಿ ಸೂಚ್ಯಂಕ ನಿಂತಿರುವುದೂ ಈ ಮೂರರ ಮೇಲೆ. ಲಿಂಗಾನುಪಾತ ಅದರಲ್ಲಿಲ್ಲ. ಮುಂಬಯಿಯ ಮಟ್ಟಿಗೆ ಇದು ದೊಡ್ಡ ಕೊರತೆ.

2011ರ ಜನಗಣತಿಯಂತೆ ಸಾವಿರ ಪುರುಷರಿಗೆ ಮುಂಬಯಿ ನಗರ ಜಿಲ್ಲೆಯಲ್ಲಿ 832, ಉಪನಗರ ಜಿಲ್ಲೆಯಲ್ಲಿ 860 ಸ್ತ್ರೀಯರಿದ್ದರು. ಉಡುಪಿ ಜಿಲ್ಲೆಯಲ್ಲಿ 1094, ದಕ್ಷಿಣ ಕನ್ನಡದಲ್ಲಿ 1020. ಕರಾವಳಿಯಲ್ಲಿ ಹೆಣ್ಣಿಗೆ ಮನ್ನಣೆ ಹೆಚ್ಚು, ಮುಂಬಯಿಯಲ್ಲಿ ಕಡಿಮೆ ಎಂದು ಇದನ್ನು ಓದುವುದು ಅವಸರದ ತೀರ್ಮಾನ. ತಲೆಮಾರುಗಳಿಂದ ಕರಾವಳಿಯ ಹುಡುಗರು ಒಂಟಿಯಾಗಿ ಮುಂಬಯಿಗೆ ಬಂದರು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಬಾಗಿಲು ಮುಚ್ಚಿದ ಮೇಲೆ ಹೋಟೆಲಿನಲ್ಲೇ ಮಲಗಿದರು. ತಾಯಿ, ತಂಗಿ, ಹೆಂಡತಿ ಊರಿನಲ್ಲೇ ಉಳಿದರು. ತಿಂಗಳ ಮನಿಯಾರ್ಡರು ಅವರ ಕೈ ಸೇರಿತು. ಗಣತಿಯಲ್ಲಿ ಗಂಡ ಒಂದು ಜಿಲ್ಲೆಯ ಲೆಕ್ಕಕ್ಕೆ, ಹೆಂಡತಿ ಇನ್ನೊಂದರ ಲೆಕ್ಕಕ್ಕೆ. ಉಡುಪಿಯ ಹೆಚ್ಚಳಕ್ಕೆ ಸ್ತ್ರೀಯರ ದೀರ್ಘಾಯುಸ್ಸೂ ಕಾರಣವಿದ್ದೀತು. ಆದರೂ ವಲಸೆಯನ್ನು ಬಿಟ್ಟು ಈ ಅಂಕಿಯನ್ನು ವಿವರಿಸಲಾಗದು. ಮನೆಯಲ್ಲಿ ಗಂಡಸರಿಲ್ಲದ ಊರಿನ ಹೆಂಗಸು ಗದ್ದೆ, ಕೋರ್ಟು, ಮಕ್ಕಳ ಶಾಲೆ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ದುಡಿಮೆ ಮಾತ್ರ ಯಾವ ಸೂಚ್ಯಂಕಕ್ಕೂ ಸೇರಿಲ್ಲ.

ವಲಸೆಯ ಪ್ರಭಾವವನ್ನು ಬೇರ್ಪಡಿಸಲು ಆರು ವರ್ಷದವರೆಗಿನ ಮಕ್ಕಳ ಅನುಪಾತ ನೋಡಬೇಕು. ಮಕ್ಕಳು ನೌಕರಿ ಹುಡುಕಿ ಬರುವವರಲ್ಲ. ಅಲ್ಲಿ ಉಡುಪಿಯ ಅಂಕಿ 958ಕ್ಕೆ ಇಳಿಯುತ್ತದೆ, ಉಪನಗರದ್ದು 913ಕ್ಕೆ ಏರುತ್ತದೆ. ಅಂತರದ ಬಹುಪಾಲು ಕರಗಿದರೂ ಉಳಿದದ್ದು ಸಣ್ಣದಲ್ಲ. 2001ರಲ್ಲಿ ಉಪನಗರದ ಈ ಅನುಪಾತ 923 ಇತ್ತು. ಗರ್ಭದ ಲಿಂಗಪತ್ತೆಯನ್ನು ನಿಯಂತ್ರಿಸುವ ಕಾನೂನನ್ನು ದೇಶದಲ್ಲೇ ಮೊದಲು, 1988ರಲ್ಲಿ, ತಂದ ರಾಜ್ಯದ ರಾಜಧಾನಿ ಇದು, ಸಾಕ್ಷರತೆ ಶೇ. 90ರ ಸಮೀಪ. ಹಣವೂ ಓದೂ ಇರುವಲ್ಲಿ ಸ್ಕ್ಯಾನಿಂಗ್ ಕೇಂದ್ರವೂ ಕೈಗೆಟುಕುತ್ತದೆ ಎಂಬ ಕಹಿ ಸತ್ಯವನ್ನು ಆದಾಯ, ಸಾಕ್ಷರತೆಗಳ ಸರಾಸರಿ ಮುಚ್ಚಿಡುತ್ತದೆ.

ಜಿಲ್ಲಾ ಸರಾಸರಿ ಇಲ್ಲಿಂದ ಮುಂದೆ ನೆರವಾಗದು. ಮಹಾನಗರಪಾಲಿಕೆಯ ಜನನ ನೋಂದಣಿಯನ್ನು ವಾರ್ಡುವಾರು, ಮೊದಲ ಹೆರಿಗೆ ಎರಡನೆಯ ಹೆರಿಗೆ ಎಂದು ವಿಂಗಡಿಸಿ, ಗರ್ಭಿಣಿಯರ ಪ್ರತಿ ಸ್ಕ್ಯಾನಿಂಗಿಗೂ ತುಂಬಲೇಬೇಕಾದ ಎಫ್ ನಮೂನೆಯೊಂದಿಗೆ ತಾಳೆ ನೋಡಬೇಕು. ಮೊದಲ ಮಗು ಹೆಣ್ಣಾದ ಮನೆಗಳಲ್ಲಿ ಎರಡನೆಯ ಮಗುವಿನ ಅನುಪಾತ ಎಷ್ಟು ಕುಸಿದಿದೆ ಎಂಬುದನ್ನು ಮೊದಲು ಪರಿಶೀಲಿಸಬೇಕು.