ಅಪ್ಪಣೆ ಕೊಡಬೇಕಾದವರು ಯಾರು?

ವೆಬ್‌ಪುಟದ ಜಾವಾಸ್ಕ್ರಿಪ್ಟ್ ಬೇರೊಂದು ಡೊಮೇನಿನ ಮಾಹಿತಿ ಓದಲು ಹೋದರೆ ಬ್ರೌಸರ್ ತಡೆಯುತ್ತದೆ. ಕನ್ಸೋಲಿನಲ್ಲಿ ಮೂಡುವ ಆ ಕೆಂಪು ಸಾಲನ್ನು ಶಪಿಸದ ಪ್ರೋಗ್ರಾಮರ್ ಅಪರೂಪ. ಆದರೂ ಈ ತಡೆ ಹುಟ್ಟಿದ್ದು ಬಳಕೆದಾರರ ಹಿತಕ್ಕಾಗಿ. ನೆಟ್‌ಸ್ಕೇಪ್ 1995ರಲ್ಲಿ ಜಾವಾಸ್ಕ್ರಿಪ್ಟ್ ತಂದಿತು, ಮರುವರ್ಷವೇ ‘ಸೇಮ್ ಆರಿಜಿನ್’ ನಿಯಮವನ್ನೂ ತಂದಿತು. ಪ್ರೋಟೋಕಾಲ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಆಗಿದ್ದರಷ್ಟೇ ಓದಲು ಅವಕಾಶ. ಬ್ಯಾಂಕಿನ ತಾಣಕ್ಕೆ ಲಾಗಿನ್ ಆದವರು ಪಕ್ಕದ ಟ್ಯಾಬಿನಲ್ಲಿ ಇನ್ನಾವುದೋ ಪುಟ ತೆರೆದಾಗ, ಅವರ ಕುಕಿಯ ಬಲದಿಂದ ಆ ಪುಟ ಖಾತೆಯ ವಿವರ ಓದಿಬಿಡಬಾರದಲ್ಲ!

1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದ, ಸ್ಕ್ರಿಪ್ಟಿನಿಂದಲೇ ಸರ್ವರಿಗೆ ಕೋರಿಕೆ ಕಳಿಸುವ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಕೂಡ ಕ್ರಮೇಣ ಇದೇ ಬೇಲಿಯೊಳಗೆ ಬಂತು. 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಒಬ್ಬರ ನಕ್ಷೆಗೆ ಇನ್ನೊಬ್ಬರ ಮಾಹಿತಿ ಕೂಡಿಸುವ ಆಸೆ ಹೆಚ್ಚಿತು. ಸ್ಕ್ರಿಪ್ಟ್ ಟ್ಯಾಗಿಗೆ ಮಾತ್ರ ಮೊದಲಿನಿಂದಲೂ ಬೇಲಿಯಿರಲಿಲ್ಲ, ಎಲ್ಲಿಂದಲಾದರೂ ಕೋಡ್ ತರಿಸಬಹುದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಬ್ ಇಪೊಲಿಟೊ ಈ ಕಿಂಡಿಯನ್ನೇ ಪದ್ಧತಿಯಾಗಿಸಿ ಜೆಸನ್‌ಪಿ ಎಂಬ ಹೆಸರಿಟ್ಟರು. ವಿಳಾಸದ ಕೊನೆಗೆ ಒಂದು ಫಂಕ್ಷನ್ನಿನ ಹೆಸರು ಸೇರಿಸಿ ಕಳಿಸಿದರೆ, ಉತ್ತರ ಆ ಫಂಕ್ಷನ್ನಿನ ಕರೆಯಾಗಿಯೇ ಮರಳಿ ಬಂದು ಪುಟದಲ್ಲಿ ಓಡುತ್ತಿತ್ತು. ಜಾಣತನವೇನೋ ಹೌದು, ನಷ್ಟ ಮಾತ್ರ ಎರಡೂ ಕಡೆಗೆ. ಕೇಳಿದ ಪುಟ ಪರರ ಕೋಡಿಗೆ ತನ್ನ ಮನೆಯನ್ನೇ ಬಿಟ್ಟುಕೊಡಬೇಕಿತ್ತು. ಕೊಟ್ಟ ಸರ್ವರಿಗೆ ಕೇಳಿದವರು ಯಾರೆಂದು ಖಾತ್ರಿಯಿರಲಿಲ್ಲ. ಕುಕಿಯೂ ಜೊತೆಗೇ ಹೋಗುತ್ತಿದ್ದುದರಿಂದ ಖಾಸಗಿ ಮಾಹಿತಿ ಯಾವ ಪುಟಕ್ಕಾದರೂ ಸೋರಬಹುದಿತ್ತು.

ಹಾಗಾಗಿ ನಿಜವಾದ ಕೊರತೆ ಬೇಲಿಯದಲ್ಲ, ಮಾಹಿತಿಯ ಒಡೆಯರು ಅಪ್ಪಣೆ ಕೊಡಲು ಒಂದು ದಾರಿ ಇಲ್ಲದಿದ್ದುದು. ಆ ದಾರಿಯ ಮೊದಲ ಪ್ರಸ್ತಾಪ 2004ರಲ್ಲಿ, ಧ್ವನಿ ಬ್ರೌಸರುಗಳಿಗಾಗಿ ಟೆಲ್‌ಮಿ ನೆಟ್‌ವರ್ಕ್ಸ್‌ನವರಿಂದ ಬಂತು. ಅದೇ ಬೆಳೆದು ಕಾರ್ಸ್ (ಕ್ರಾಸ್ ಆರಿಜಿನ್ ರಿಸೋರ್ಸ್ ಶೇರಿಂಗ್) ಆಯಿತು. 2009ರಲ್ಲಿ ಫೈರ್‌ಫಾಕ್ಸ್ 3.5ಕ್ಕೆ ಸೇರಿ, 2014ರ ಜನವರಿಯಲ್ಲಿ ಡಬ್ಲ್ಯು3ಸಿ ಶಿಫಾರಸಾಯಿತು. ಕೇಳುವ ಪುಟದ ಮೂಲವನ್ನು ಬ್ರೌಸರೇ ‘ಆರಿಜಿನ್’ ಹೆಡರಿನಲ್ಲಿ ಬರೆಯುತ್ತದೆ, ಪುಟದ ಸ್ಕ್ರಿಪ್ಟ್ ಅದನ್ನು ತಿದ್ದಲಾಗದು. ಸರ್ವರ್ ಒಪ್ಪಿದರೆ ಮಾತ್ರ ಉತ್ತರ ಸ್ಕ್ರಿಪ್ಟಿನ ಕೈಸೇರುತ್ತದೆ.

ಕರ್ಲ್‌ನಂಥ ಸಾಧನದಿಂದ ಅದೇ ವಿಳಾಸವನ್ನು ಯಾರಾದರೂ ಕೇಳಬಹುದಾದರೆ ಇದೆಂಥ ಭದ್ರತೆ ಎಂಬ ಆಕ್ಷೇಪ ಸಾಮಾನ್ಯ. ಕರ್ಲ್ ಬಳಸುವವರ ಬಳಿ ನಿಮ್ಮ ಕುಕಿ ಇರುವುದಿಲ್ಲ, ನಿಮ್ಮ ಬ್ರೌಸರಿನ ಬಳಿ ಇರುತ್ತದೆ, ಕಾಯಬೇಕಾದದ್ದು ಅದನ್ನೇ. ಕೆಲವು ಕೋರಿಕೆಗಳಿಗೆ ಮುಂಚಿತವಾಗಿ ಬ್ರೌಸರ್ ‘ಆಪ್ಷನ್ಸ್’ ಎಂಬ ಕೋರಿಕೆ ಕಳಿಸಿ ಸರ್ವರಿನ ಒಪ್ಪಿಗೆ ಕೇಳುವುದರಿಂದ ತಡವಾಗುತ್ತದೆ ಎಂಬ ದೂರು ಮಾತ್ರ ನ್ಯಾಯವಾದದ್ದೇ. ಆದರೆ ಬೇಲಿಯನ್ನು ನಂಬಿ ಕಟ್ಟಿದ ಹಳೆಯ ಸರ್ವರುಗಳಿಗೆ ಹೊರಗಿನ ಪುಟದಿಂದ ಡಿಲೀಟ್ ಕೋರಿಕೆ ದಿಢೀರನೆ ಬಂದು ಬೀಳದಿರಲು ಆ ತಡ ಬೇಕಾಯಿತು. ಯಾರಾದರೂ ಓದಲಿ ಎಂದು ಒಪ್ಪಿಗೆಯ ಹೆಡರಿನಲ್ಲಿ ನಕ್ಷತ್ರ ಚಿಹ್ನೆ ಹಾಕುವ ಸರ್ವರಿಗೂ ಕುಕಿ ಸಹಿತ ಕೋರಿಕೆಯಲ್ಲಿ ಆ ಸಡಿಲಿಕೆ ಇಲ್ಲ. ಅಲ್ಲಿ ಮೂಲದ ಹೆಸರನ್ನು ಬಿಡಿಸಿ ಬರೆಯಲೇಬೇಕು.