ಚಹಾ ಬಗ್ಗಿಸುವ ಯಜಮಾನಿ: ವಿಕ್ಟೋರಿಯಾ ಕಾಲದ ಕೊನೆಯ ದಶಕಗಳ ಡ್ರಾಯಿಂಗ್ ರೂಮು

ಇಂಗ್ಲೆಂಡಿನ ಸಂಜೆಮುಂದಿನ ಚಹಾದ ಚರಿತ್ರೆ ಬರೆಯುವವರು ಬೆಡ್‌ಫರ್ಡಿನ ಏಳನೆಯ ಡಚೆಸ್ ಆನಾ ಮರಿಯಾ ಅವರ ಹಸಿವಿನಿಂದ ಶುರುಮಾಡುವುದು ವಾಡಿಕೆ. ಸಂಜೆಯ ಹಸಿವು ತಾಳದೆ ಅವರೇ ಈ ಚಹಾ ಶುರುಮಾಡಿದರೆಂಬ ಕತೆಗೆ ಮತ್ತೆ ಮತ್ತೆ ಎತ್ತಿ ತೋರಿಸುವ ಆಧಾರ ನಟಿ ಫ್ಯಾನಿ ಕೆಂಬಲ್ ಅವರ ನೆನಪು. 1842ರಲ್ಲಿ ಬೀವರ್ ಕೋಟೆಗೆ ಅತಿಥಿಯಾಗಿ ಹೋದಾಗ ಡಚೆಸ್ಸರ ಕೋಣೆಗೆ ಗುಟ್ಟಾಗಿ ಕರೆ ಬಂತು, ಅಲ್ಲಿ ಆಯ್ದ ಕೆಲವೇ ಹೆಂಗಸರು ಡಚೆಸ್ಸರ ಸ್ವಂತ ಕೆಟಲಿನಲ್ಲಿ ಚಹಾ ಮಾಡಿಕೊಂಡು ಕುಡಿಯುತ್ತಿದ್ದರು ಎನ್ನುತ್ತಾರೆ ಅವರು. ಆದರೆ ಈ ಮಾತು ಅಚ್ಚಾದದ್ದು 1882ರಲ್ಲಿ, ಐದು ಗಂಟೆಯ ಚಹಾ ಉಳ್ಳವರ ಮನೆಗಳಲ್ಲೆಲ್ಲ ಬೇರೂರಿದ ಮೇಲೆ. ಡಚೆಸ್ಸೇ ಈ ಪದ್ಧತಿಯನ್ನು ಹುಟ್ಟುಹಾಕಿದರು ಎನ್ನಲು ಈ ಸಾಕ್ಷ್ಯ ಸಾಲದು. ನನಗೆ ಮುಖ್ಯವೆನಿಸುವುದು ಅದರೊಳಗಿನ ಎರಡು ವಿವರ: ಗುಟ್ಟು, ಮತ್ತು ಸ್ವಂತ ಕೆಟಲು. ನಲವತ್ತು ವರ್ಷದಲ್ಲಿ ಗುಟ್ಟು ಹೋಯಿತು, ಕೆಟಲು ಮಾತ್ರ ಡ್ರಾಯಿಂಗ್ ರೂಮಿಗೆ ಬಂದು ಎಲ್ಲರ ಕಣ್ಣೆದುರು ಕೂತಿತು.

ಹಸಿವಿಗೆ ಕಾರಣ ಊಟದ ಹೊತ್ತು ಜಾರಿದ್ದು. ಹದಿನೆಂಟನೆಯ ಶತಮಾನದಲ್ಲಿ ಮೂರು ನಾಲ್ಕು ಗಂಟೆಗೆ ಮುಗಿಯುತ್ತಿದ್ದ ಮುಖ್ಯ ಊಟ ಹತ್ತೊಂಬತ್ತನೆಯ ಶತಮಾನದ ನಡುವಿಗೆ ಏಳು ಎಂಟರವರೆಗೂ ಹೋಗಿತ್ತು. ಇತ್ತ ಚಹಾ ಅಗ್ಗವಾಗುತ್ತ ಬಂತು. 1784ರಲ್ಲೇ ಸುಂಕ ಶೇ. 119ರಿಂದ 12.5ಕ್ಕೆ ಇಳಿದಿತ್ತು, ಆಮೇಲೆ ಏರಿದ್ದು 1865ರಲ್ಲಿ ಪೌಂಡಿಗೆ ಆರು ಪೆನ್ಸಿಗೂ 1890ರಲ್ಲಿ ನಾಲ್ಕಕ್ಕೂ ಬಂದು ನಿಂತಿತು. ಸಕ್ಕರೆಯ ಸುಂಕ 1874ರಲ್ಲಿ ಪೂರ್ತಿ ಹೋಯಿತು. 1839ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಹರಾಜಾದ ಅಸ್ಸಾಮಿನ ಚಹಾ, ಅರ್ಧ ಶತಮಾನ ಕಳೆಯುವಷ್ಟರಲ್ಲಿ ಚೀನಾದ ಚಹಾವನ್ನು ಹಿಂದೆ ಹಾಕಿತು. ಬಣ್ಣದಲ್ಲೂ ರುಚಿಯಲ್ಲೂ ಗಡುಸಾದ ಈ ಚಹಾಕ್ಕೆ ಹಾಲು, ಸಕ್ಕರೆ ಚೆನ್ನಾಗಿ ಹೊಂದುತ್ತಿದ್ದವು.

ಇನ್ನು ಕೋಣೆ. ಲಂಡನ್ನಿನ ಕೆನ್ಸಿಂಗ್ಟನ್ನಿನ 18, ಸ್ಟಾಫರ್ಡ್ ಟೆರೇಸಿನಲ್ಲಿ 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್ ಹೆಂಡತಿ ಮರಿಯನ್ ಜೊತೆ 1870ರ ದಶಕದಲ್ಲಿ ಸಂಸಾರ ಹೂಡಿದ ಮನೆ ಹೆಚ್ಚುಕಡಿಮೆ ಅಂದಿನಂತೆಯೇ ಉಳಿದಿದೆ. 1877ರಲ್ಲಿ ಮಾಡಿದ ಸಾಮಾನುಪಟ್ಟಿಯೂ 1881ರಿಂದ ಮರಿಯನ್ ಬರೆದ ದಿನಚರಿಗಳೂ ಇರುವುದರಿಂದ ಸಂಶೋಧಕನಿಗೆ ಇದು ಅಪರೂಪದ ನಿಧಿ. ಗೋಡೆಯ ತುಂಬ ಚಿತ್ರಗಳು, ನೀಲಿ-ಬಿಳಿ ಪಿಂಗಾಣಿ, ಬಣ್ಣದ ಗಾಜಿನ ಕಿಟಕಿ. ಮೊದಲು ಅಂಟಿಸಿದ್ದು ವಿಲಿಯಂ ಮಾರಿಸ್‌ನ ಗೋಡೆಕಾಗದ. ಮುಂದೆ ಅದರ ಮೇಲೆ ತೊಗಲನ್ನು ಹೋಲುವ, ಚಿನ್ನದ ಹೊಳಪಿನ ದುಬಾರಿ ಜಪಾನಿ ಕಾಗದ ಬಂತು. ಆದರೆ ಅದನ್ನು ಕಣ್ಣಿಗೆ ಬೀಳುವ ಕಡೆ ಮಾತ್ರ ಅಂಟಿಸಿದರು. ಚಿತ್ರಗಳ ಹಿಂದೆ ಹಳೆಯ ಕಾಗದ ಹಾಗೇ ಉಳಿಯಿತು. ಯಂತ್ರದಲ್ಲಿ ಕೊರೆದ ಪೊಳ್ಳು ಅಲಂಕಾರವನ್ನು ಮನೆಯ ಸಜ್ಜಿನ ಬಗ್ಗೆ ಪುಸ್ತಕ ಬರೆದ ಚಾರ್ಲ್ಸ್ ಈಸ್ಟ್‌ಲೇಕ್ 1868ರಲ್ಲೇ ಬೈದಿದ್ದರು. ಆ ಬೈಗುಳ ಓದಿದವರು ಸಾಮಾನು ಕಡಿಮೆ ಮಾಡಲಿಲ್ಲ, ಬೇರೆ ಬಗೆಯದನ್ನು ತಂದು ತುಂಬಿದರು!

ಇಂಥ ಇಕ್ಕಟ್ಟಿನಲ್ಲಿ ಚಹಾಕ್ಕೆ ಜಾಗ ಮಾಡಿಕೊಟ್ಟದ್ದು ಮಡಚುವ, ಒಂದರೊಳಗೊಂದು ಸೇರಿಸಿಡುವ ಸಣ್ಣ ಮೇಜುಗಳು. ಊಟದ ಕೋಣೆಯಲ್ಲಿ ಬಡಿಸುವವರು ಆಳುಗಳು. ಇಲ್ಲಿ ಹಾಗಲ್ಲ. ಕೆಲಸದವಳು ತಟ್ಟೆ, ಕಪ್ಪು ಜೋಡಿಸಿ, ಬಿಸಿನೀರು ತಂದಿಟ್ಟು ಹೊರಗೆ ಹೋಗಬೇಕು. ಸ್ಪಿರಿಟ್ ದೀಪದ ಮೇಲೆ ಕೆಟಲಿನ ಬಿಸಿ ಆರದಂತೆ ನೋಡಿಕೊಳ್ಳುವುದು, ಚಹಾ ಬಗ್ಗಿಸುವುದು, ಸಕ್ಕರೆ ಎಷ್ಟೆಂದು ಕೇಳುವುದು ಯಜಮಾನಿ ಅಥವಾ ಮನೆಮಗಳ ಪಾಲು. ಗಂಡಸರಿದ್ದರೆ ಕಪ್ಪು ದಾಟಿಸುವುದು ಅವರ ಕೆಲಸ. ಯಜಮಾನಿ ತನ್ನ ಭೇಟಿ ಕಾರ್ಡಿನಲ್ಲಿ ಅಚ್ಚು ಹಾಕಿಸಿದ ವಾರದಂದು ಬಂದವರು ಕಾಲು ಗಂಟೆ ಕೂತು ಏಳುವರು. ಕೈಗವಸು ತೆಗೆಯುವಷ್ಟೂ ಪುರುಸೊತ್ತಿಲ್ಲ. ಬೆಣ್ಣೆ ಸವರಿದ ತೆಳು ಬ್ರೆಡ್ಡನ್ನು ಸುರುಳಿ ಸುತ್ತಿ ಇಡುತ್ತಿದ್ದುದು ಜಿಡ್ಡು ಹತ್ತದಿರಲೆಂದು. ಯಜಮಾನಿ ಮಾತ್ರ, 1870ರ ದಶಕದಿಂದೀಚೆಗೆ, ಬಿಗಿ ಕಾರ್ಸೆಟ್ಟು ಬೇಡದ ಸಡಿಲ 'ಟೀ ಗೌನ್' ತೊಟ್ಟು ಕೂರಬಹುದಿತ್ತು.

ಇದನ್ನು ಬರಿಯ ಶಿಷ್ಟಾಚಾರವೆಂದು ತಳ್ಳಿಹಾಕುವಂತಿಲ್ಲ. ಮನೆಗೆಲಸವನ್ನು ಆಳುಗಳಿಗೆ ಬಿಟ್ಟುಕೊಟ್ಟಿದ್ದ ವರ್ಗದ ಹೆಂಗಸು, ದಿನದಲ್ಲಿ ಒಮ್ಮೆ, ನಾಲ್ಕು ಜನರೆದುರು ತನ್ನ ಕೈಯಾರೆ ಉಪಚರಿಸುವ ಸಂದರ್ಭವಿದು. ಆ ಒಂದು ಕೈ ಕಾಣಲು ಉಳಿದ ಕೈಗಳು ಮರೆಯಾಗಬೇಕಿತ್ತು. ನೆಲಮಾಳಿಗೆಯ ಅಡುಗೆಮನೆಯಿಂದ ನೀರು, ಕಲ್ಲಿದ್ದಲು ಹೊತ್ತು ಮೆಟ್ಟಿಲೇರುತ್ತಿದ್ದವಳ ಕೈ. ಪಿಂಗಾಣಿಗಳ ಮೇಲೆ ಕೂರುವ ಮಸಿಯನ್ನು ಬೆಳಗಾದರೆ ಒರೆಸುತ್ತಿದ್ದ ಕೈ. ಅದಕ್ಕೂ ಆಚೆ, ಛೋಟಾನಾಗಪುರದಂಥ ಕಡೆಗಳಿಂದ ಅಸ್ಸಾಮಿನ ತೋಟಗಳಿಗೆ ಕರಾರಿನ ಮೇಲೆ ಸಾಗಿಸಲ್ಪಟ್ಟ ಕೂಲಿಗಳು. ಕರಾರು ಮುರಿದರೆ ಜೈಲಿಗೆ ಹಾಕುವ ಕಾನೂನು 1859ರಿಂದಲೇ ಇತ್ತು. 1882ರ ಕಾಯಿದೆ ತೋಟಗಾರರ ಕೈಯನ್ನು ಇನ್ನಷ್ಟು ಬಲಪಡಿಸಿತು. ಕೆಂಬಲ್ ನೆನಪುಗಳು ಅಚ್ಚಾದ ವರ್ಷವೂ ಅದೇ.

ಚಹಾ ಮನೆಯ ಹೊಸ್ತಿಲು ದಾಟಿದ್ದು ಇದೇ ಅವಧಿಯಲ್ಲಿ. ಏರೇಟೆಡ್ ಬ್ರೆಡ್ ಕಂಪನಿ 1864ರಲ್ಲಿ ಲಂಡನ್ನಿನಲ್ಲಿ ಚಹಾದಂಗಡಿ ತೆರೆಯಿತು, ಲಯನ್ಸ್ ಕಂಪನಿ 1894ರಲ್ಲಿ ಪಿಕಾಡಿಲಿಯಲ್ಲಿ. ಗಂಡಸಿನ ಜೊತೆಯಿಲ್ಲದೆ ಹೆಂಗಸೊಬ್ಬಳು ಮರ್ಯಾದೆಯಿಂದ ಕೂರಬಹುದಾದ ಕೆಲವೇ ಜಾಗಗಳಲ್ಲಿ ಇವೂ ಸೇರಿದವು. ಅಂಗಡಿ, ಕಚೇರಿಗಳಲ್ಲಿ ದುಡಿಯುವ ಹುಡುಗಿಯರೂ ಇಲ್ಲಿಗೆ ಬಂದು ಕಾಸು ಕೊಟ್ಟು, ತಮ್ಮ ಚಹಾವನ್ನು ತಾವೇ ಬಗ್ಗಿಸಿಕೊಳ್ಳತೊಡಗಿದರು.