ಮೊಬೈಲ್ ಹಾಗೂ ಟ್ಯಾಬ್ಲೆಟ್‌ಗಳಲ್ಲಿ ಪಹಣಿ ಮತ್ತು ಬೆಳೆ ಸಮೀಕ್ಷೆ ದತ್ತಾಂಶದ ಬಳಕೆ

ಹೊಲದಲ್ಲಿ ತೊಗರಿ ಬೆಳೆದು ನಿಂತಿದ್ದರೂ ಸರ್ಕಾರದ ದತ್ತಾಂಶದಲ್ಲಿ ಅದೇ ಸರ್ವೆ ನಂಬರಿನ ಎದುರು ‘ಹತ್ತಿ’ ಎಂದು ದಾಖಲಾಗಿದ್ದರೆ, ವಿಮಾ ಪರಿಹಾರವನ್ನು ಪರಿಶೀಲಿಸುವವರ ಕಣ್ಣಿಗೆ ಬೀಳುವುದು ಹತ್ತಿಯೇ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯಲ್ಲಿ ಖರೀದಿ, ಪಹಣಿಯ ಬೆಳೆ ಕಾಲಂ ಇವೆಲ್ಲಕ್ಕೂ ಬೆಳೆ ಸಮೀಕ್ಷೆಯ ದಾಖಲೆಯೇ ಆಧಾರ. ಆ ದಾಖಲೆಯನ್ನು ಇಂದು ನೀವು ನಿಮ್ಮ ಮೊಬೈಲಿನಲ್ಲಿಯೇ ನೋಡಬಹುದು. ಬೆಳೆ ಹೊಲದಲ್ಲಿ ಇರುವಾಗಲೇ ನೋಡಿದರೆ ಮಾತ್ರ ಅದನ್ನು ಸುಲಭವಾಗಿ ತಿದ್ದಿಸಲು ಸಾಧ್ಯ.

ಕರ್ನಾಟಕದಲ್ಲಿ ಕೈಬರಹದ ಪಹಣಿಗಳು ‘ಭೂಮಿ’ ಯೋಜನೆಯಡಿ ಗಣಕೀಕೃತಗೊಂಡು ಎರಡು ದಶಕಗಳು ಕಳೆದಿವೆ. 2020ರ ಮುಂಗಾರಿನಿಂದ ರೈತರೇ ಮೊಬೈಲ್ ಆ್ಯಪ್ ಮೂಲಕ ತಮ್ಮ ಬೆಳೆಯ ಚಿತ್ರ ಹಾಗೂ ವಿವರವನ್ನು ಸಲ್ಲಿಸುವ ಅವಕಾಶ ಒದಗಿದೆ. ರೈತರು ಮಾಡದೆ ಉಳಿದ ತಾಕುಗಳ ಸಮೀಕ್ಷೆಯನ್ನು ಗ್ರಾಮಕ್ಕೆ ನಿಯೋಜಿತರಾದ ಖಾಸಗಿ ನಿವಾಸಿಗಳು ಕೈಗೊಳ್ಳುತ್ತಾರೆ. ‘ಫ್ರೂಟ್ಸ್’ ತಂತ್ರಾಂಶದ ಎಫ್‌ಐಡಿ ಸಂಖ್ಯೆಯು ರೈತರ ಹೆಸರನ್ನು ಅವರ ಸರ್ವೆ ನಂಬರುಗಳೊಂದಿಗೆ ಜೋಡಿಸುತ್ತದೆ. ಬೆಳೆ ವಿಮೆಯ ನೋಂದಣಿ ‘ಸಂರಕ್ಷಣೆ’ ಪೋರ್ಟಲಿನಲ್ಲಿ ನಡೆಯುತ್ತದೆ. ಇವು ಪ್ರತ್ಯೇಕ ದತ್ತಾಂಶಗಳಾದರೂ ಪರಿಹಾರ ನೀಡುವ ಹಂತದಲ್ಲಿ ಒಂದನ್ನು ಇನ್ನೊಂದರೊಡನೆ ತಾಳೆ ನೋಡಲಾಗುತ್ತದೆ.

ಬ್ರೌಸರ್ ಪುಟ ಮತ್ತು ಆ್ಯಪ್

ಪಹಣಿ, ವಿಮಾ ಅರ್ಜಿಯ ಸ್ಥಿತಿ ಮುಂತಾದವನ್ನು ಬ್ರೌಸರಿನಲ್ಲಿ ತೆರೆದಾಗ ನಿಮ್ಮ ಫೋನಿನಲ್ಲಿ ಏನೂ ಸಂಗ್ರಹವಾಗಿರುವುದಿಲ್ಲ. ಪ್ರತಿ ಸಲವೂ ದೂರದ ಸರ್ವರ್‌ನಿಂದ ಮಾಹಿತಿ ಬರಬೇಕು. ಸಿಗ್ನಲ್ ಇಲ್ಲದಿದ್ದರೆ ಪುಟವೂ ಇಲ್ಲ. ಅರ್ಜಿ ತುಂಬುವಾಗ ಮಧ್ಯೆ ಹೆಚ್ಚು ಹೊತ್ತು ಬಿಟ್ಟರೆ ಅವಧಿ ಮುಗಿದು ಮೊದಲಿನಿಂದ ತುಂಬಬೇಕಾಗಬಹುದು. ಆದ್ದರಿಂದ ಸರ್ವೆ ನಂಬರ್, ಹಿಸ್ಸಾ ಸಂಖ್ಯೆ, ಎಫ್‌ಐಡಿ, ಬ್ಯಾಂಕ್ ಪುಸ್ತಕ ಇವನ್ನು ಮುಂದಿಟ್ಟುಕೊಂಡೇ ಆರಂಭಿಸಿರಿ. ‘ಸಲ್ಲಿಸು’ ಎಂಬುದನ್ನು ಒಮ್ಮೆ ಒತ್ತಿದ ಮೇಲೆ ಪುಟ ನಿಧಾನವಾದರೂ ಮತ್ತೆ ಮತ್ತೆ ಒತ್ತಬಾರದು. ಸ್ವೀಕೃತಿ ಸಂಖ್ಯೆ ಕಾಣಿಸಿದೊಡನೆ ಸ್ಕ್ರೀನ್‌ಶಾಟ್ ತೆಗೆದಿಡಿರಿ.

ಈ ಪುಟಗಳಲ್ಲಿ ಹಲವು ಕಂಪ್ಯೂಟರ್ ಪರದೆಗೆಂದು ರೂಪಿಸಿದವು. ಮೊಬೈಲನ್ನು ನೆಟ್ಟಗೆ ಹಿಡಿದರೆ ಪಟ್ಟಿಯ ಬಲಬದಿಯ ಕಾಲಂಗಳು ಮರೆಯಾಗಬಹುದು. ಬೆಳೆಯ ಹೆಸರು ಅಥವಾ ಅರ್ಜಿಯ ಸ್ಥಿತಿ ಅಲ್ಲಿಯೇ ಉಳಿದುಬಿಡುವುದುಂಟು. ಫೋನನ್ನು ಅಡ್ಡವಾಗಿ ತಿರುಗಿಸಿರಿ, ಅಥವಾ ಬ್ರೌಸರ್ ಮೆನುವಿನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಆಯ್ಕೆ ಮಾಡಿ ಪಟ್ಟಿಯನ್ನು ಪೂರ್ತಿಯಾಗಿ ಸರಿಸಿ ನೋಡಿರಿ. ವಿಸ್ತರಣಾ ಕಾರ್ಯಕರ್ತರು ರೈತರೊಡನೆ ಕುಳಿತು ದಾಖಲೆ ಪರಿಶೀಲಿಸುವುದಾದರೆ ಟ್ಯಾಬ್ಲೆಟ್ ಹೆಚ್ಚು ಅನುಕೂಲ. ಒಬ್ಬ ರೈತರ ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿಯೇ ಮುಂದಿನವರ ಎಫ್‌ಐಡಿ ನಮೂದಿಸತಕ್ಕದ್ದು.

ಸಮೀಕ್ಷೆಯ ಆ್ಯಪ್ ಕೆಲಸ ಮಾಡುವ ರೀತಿ ಬೇರೆ. ಗ್ರಾಮದ ವಿವರ ಹಾಗೂ ನಕ್ಷೆಯನ್ನು ಸಿಗ್ನಲ್ ಇರುವ ಕಡೆ ಮೊದಲೇ ಇಳಿಸಿಕೊಂಡು, ಹೊಲದಲ್ಲಿ ಚಿತ್ರ ತೆಗೆದು, ಮರಳಿ ಸಿಗ್ನಲ್ ದೊರೆತಾಗ ಅಪ್‌ಲೋಡ್ ಮಾಡಬೇಕು. ಇಲ್ಲಿಯೇ ಹೆಚ್ಚಿನ ನಷ್ಟ ಸಂಭವಿಸುವುದು. ವಿವರವನ್ನು ಉಳಿಸುವುದು ಬೇರೆ, ಕಳುಹಿಸುವುದು ಬೇರೆ. ಅಪ್‌ಲೋಡ್ ಆಗದ ಮಾಹಿತಿ ನಿಮ್ಮ ಫೋನಿನೊಳಗೆ ಮಾತ್ರ ಇರುತ್ತದೆ. ಆ್ಯಪ್ ತೆಗೆದುಹಾಕಿದರೆ ಅಥವಾ ಜಾಗ ಸಾಲದೆಂದು ಅದರ ಡೇಟಾ ಅಳಿಸಿದರೆ ಅದೂ ಹೋಗುತ್ತದೆ. ‘ನಾನು ಫೋಟೊ ತೆಗೆದಿದ್ದೆ’ ಎಂದು ಹೇಳುವ ರೈತರ ಮಾತು ಸತ್ಯವೇ ಆಗಿದ್ದರೂ ದತ್ತಾಂಶದಲ್ಲಿ ಏನೂ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ವಿಸ್ತೀರ್ಣವನ್ನು ಓದುವ ಬಗೆ

ಪಹಣಿಯಲ್ಲಿ 2.20.00 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಚುಕ್ಕಿಯ ನಂತರದ್ದು ದಶಮಾಂಶವಲ್ಲ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಇದು ಎರಡೂವರೆ ಎಕರೆ, ಎಂದರೆ 1.01 ಹೆಕ್ಟೇರ್. ಇದನ್ನೇ 2.20 ಎಕರೆ ಎಂದು ತಿಳಿದು ಹೆಕ್ಟೇರಿಗೆ ಪರಿವರ್ತಿಸಿದರೆ 0.89 ಹೆಕ್ಟೇರ್ ಆಗುತ್ತದೆ. ಹನ್ನೆರಡು ಗುಂಟೆ ಅಲ್ಲಿಗೇ ಮಾಯ! ವಿದ್ಯಾವಂತ ಯುವಕರು ಕ್ಯಾಲ್ಕುಲೇಟರ್ ಹಿಡಿದು ಈ ತಪ್ಪು ಮಾಡುವುದನ್ನು ನಾನು ಕಂಡಿದ್ದೇನೆ. ಅವರ ತಂದೆಯವರು ಮಾಡುವುದಿಲ್ಲ. ವಿಮೆಯ ದಾಖಲೆ ಹೆಕ್ಟೇರಿನಲ್ಲಿದ್ದರೆ ಮೊದಲು ಎಲ್ಲವನ್ನೂ ಗುಂಟೆಗೆ ತಂದು, 40ರಿಂದ ಭಾಗಿಸಿ ಎಕರೆ ಮಾಡಿ, ಆ ಬಳಿಕ 2.47ರಿಂದ ಭಾಗಿಸಿರಿ.

ಚಿತ್ರ ತೆಗೆಯುವ ಸ್ಥಳ ಮತ್ತು ಸಮಯ

ಆ್ಯಪ್ ನಿಮ್ಮ ಸರ್ವೆ ನಂಬರನ್ನು ಗುರುತಿಸುವುದು ಫೋನಿನ ಜಿಪಿಎಸ್ ಮೂಲಕ. ಬಯಲಿನಲ್ಲಿಯೂ ಅದು ಕೆಲವು ಮೀಟರ್‌ಗಳಷ್ಟು ಆಚೀಚೆ ತೋರಿಸುತ್ತದೆ. ಅಡಿಕೆ, ತೆಂಗಿನ ತೋಟದೊಳಗೆ ಇನ್ನೂ ಹೆಚ್ಚು. ಪಾಲಾದ ಹತ್ತು ಗುಂಟೆಯ ಪಟ್ಟಿಯೊಂದು 33 ಅಡಿ ಅಗಲ, 330 ಅಡಿ ಉದ್ದ ಇದೆ ಎಂದುಕೊಳ್ಳಿ. ಅದರ ನಡುವೆ ನಿಂತರೂ ಬದು ಇರುವುದು ಐದು ಮೀಟರ್ ದೂರದಲ್ಲಿ. ಬದುವಿನ ಮೇಲೆ ನಿಂತು ಚಿತ್ರ ತೆಗೆದರೆ ನಿಮ್ಮ ರಾಗಿ ನೆರೆಯವರ ಹಿಸ್ಸಾಕ್ಕೆ ಸೇರಿಬಿಡಬಹುದು. ಲೊಕೇಶನ್ ಚಾಲನೆಗೊಳಿಸಿ, ತಾಕಿನ ಮಧ್ಯಕ್ಕೆ ಹೋಗಿ, ಗುರುತು ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ.

ಸಮಯದ ವಿಷಯದಲ್ಲಿ ಅಲ್ಪಾವಧಿ ಬೆಳೆಗಳಿಗೆ ವಿಶೇಷ ಎಚ್ಚರ ಬೇಕು. ಹೆಸರು ಸುಮಾರು 65ರಿಂದ 75 ದಿನಗಳ ಬೆಳೆ. ಜೂನ್‌ನಲ್ಲಿ ಬಿತ್ತಿದ್ದು ಆಗಸ್ಟ್ ಕೊನೆಯ ಹೊತ್ತಿಗೆ ಕೊಯ್ಲಾಗಿರುತ್ತದೆ. ಅನಂತರ ಬಂದ ಸಮೀಕ್ಷಕರಿಗೆ ಕಾಣುವುದು ಖಾಲಿ ಹೊಲ, ದಾಖಲಾಗುವುದು ‘ಬೀಳು’. ಹಾಗೆಂದು ತೀರಾ ಎಳೆಯ ಹಂತದಲ್ಲಿ ಚಿತ್ರ ತೆಗೆಯುವುದೂ ಸರಿಯಲ್ಲ. ಹೆಸರು ಮತ್ತು ಉದ್ದಿನ ಎಳೆಯ ಸಸಿಗಳನ್ನು ಚಿತ್ರದಲ್ಲಿ ಬೇರ್ಪಡಿಸುವುದು ಬೇಸಾಯ ಶಾಸ್ತ್ರ ಓದಿದ ನಮಗೂ ಕಷ್ಟ. ಹೆಸರಿನ ಬೆಳೆ ಹೂವಾಡುವ ಹಂತದಲ್ಲಿ ಹತ್ತಿರದಿಂದ ಒಂದು, ಇಡೀ ತಾಕು ಕಾಣುವಂತೆ ಒಂದು ಚಿತ್ರ ತೆಗೆಯುವುದು ಸೂಕ್ತ. ಸಮೀಕ್ಷೆ ಆ ವೇಳೆಗೆ ಆರಂಭವಾಗಿರದಿದ್ದರೂ ದಿನಾಂಕ, ಸ್ಥಳ ಸಹಿತವಾದ ಈ ಚಿತ್ರಗಳು ಮುಂದೆ ಆಕ್ಷೇಪಣೆಗೆ ನೆರವಾಗುತ್ತವೆ.

ಅಕ್ಕಡಿ ಬೆಳೆಯ ದಾಖಲೆ

ರಾಗಿಯಲ್ಲಿ ತೊಗರಿ ಅಕ್ಕಡಿ ಹಾಕಿದವರು ಹಲವು ವೇಳೆ ರಾಗಿಯೊಂದನ್ನೇ ನಮೂದಿಸುತ್ತಾರೆ. ತೊಗರಿಯನ್ನು ಖರೀದಿ ಕೇಂದ್ರಕ್ಕೆ ಒಯ್ದಾಗ ದತ್ತಾಂಶದಲ್ಲಿ ತೊಗರಿಯೇ ಇಲ್ಲವೆಂದು ತಿಳಿಯುತ್ತದೆ. 8:2 ಸಾಲುಗಳಲ್ಲಿ ಬಿತ್ತಿ, ಸಾಲುಗಳ ನಡುವಿನ ಅಂತರ ಒಂದೇ ಆಗಿದ್ದರೆ, ಒಂದು ಎಕರೆಯಲ್ಲಿ 32 ಗುಂಟೆ ರಾಗಿ, 8 ಗುಂಟೆ ತೊಗರಿ ಎಂದು ಲೆಕ್ಕ ಹಾಕಬಹುದು. ತೊಗರಿ ಸಾಲುಗಳಿಗೆ ಅಂತರ ಹೆಚ್ಚು ಬಿಟ್ಟಿದ್ದರೆ ಅದರ ಪಾಲೂ ಹೆಚ್ಚುತ್ತದೆ. ಎರಡರ ಮೊತ್ತ ತಾಕಿನ ವಿಸ್ತೀರ್ಣವನ್ನು ಮೀರಬಾರದು.

ತಪ್ಪು ಕಂಡುಬಂದಲ್ಲಿ

ಸಮೀಕ್ಷೆಯಲ್ಲಿ ದಾಖಲಾದ ಬೆಳೆಯನ್ನು ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಇದಕ್ಕೆ ಪ್ರತಿ ಹಂಗಾಮಿನಲ್ಲಿ ನಿಗದಿತ ಅವಧಿ ಇರುತ್ತದೆ. ದಿನಾಂಕವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿರಿ. ನೋಡುವಾಗ ನಾಲ್ಕು ವಿಷಯ ಗಮನಿಸಿರಿ: ಬೆಳೆಯ ಹೆಸರು, ವಿಸ್ತೀರ್ಣ, ಹಿಸ್ಸಾ ಸಂಖ್ಯೆ ಮತ್ತು ಅಪ್‌ಲೋಡ್ ಆದ ಚಿತ್ರ. ಚಿತ್ರವೇ ಬೇರೆ ಹೊಲದ್ದಾಗಿದ್ದರೆ ಆಕ್ಷೇಪಣೆಯಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಿರಿ. ಒಂದಕ್ಕಿಂತ ಹೆಚ್ಚು ಸರ್ವೆ ನಂಬರ್ ಇರುವವರು ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ತೆರೆದು ನೋಡಬೇಕು. ಜಂಟಿ ಖಾತೆಯ ಜಮೀನಿನಲ್ಲಿ ನಿಮ್ಮ ಪಾಲು ನಿಮ್ಮ ಎಫ್‌ಐಡಿಗೆ ಜೋಡಣೆಯಾಗಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿರಿ. ಸ್ಮಾರ್ಟ್‌ಫೋನ್ ಇಲ್ಲದವರು ಪಹಣಿ ಮತ್ತು ಆಧಾರ್ ಪ್ರತಿಯೊಂದಿಗೆ, ಬೆಳೆ ಕೊಯ್ಲಾಗುವ ಮುನ್ನವೇ, ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ನೀಡಿ ಸ್ವೀಕೃತಿ ಪಡೆಯಬೇಕು.